ನಾಟಿಗೆ ಇಳಿದ ಶಾಸಕರು

ಶಾಸಕ ಕೋಟೇಶ್ವರರಾಯರ ಕಾರು ಕಡರನಾಯಕನಹಳ್ಳಿ ಹತ್ತಿರ ಪಂಕ್ಚರ್ ಆಯಿತು. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಪಿ.ಎ. ಹನುಮೇಶ್ ಟೈರು ರಿಪೇರಿ ಮಾಡಿಸಲು ಹರಿಹರಕ್ಕೆ ಆಟೋ ಹತ್ತಿದ. ಹನ್ನೊಂದಕ್ಕೆ ದಾವಣಗೆರೆಯ ವಿದ್ಯಾನಗರದಲ್ಲಿ ರಾಯರಿಗಾಗಿ ಪೇಟ, ಶಾಲು, 'ರೈತಬಂಧು' ಬಿರುದು ಎಲ್ಲ ಕಾದಿದ್ದವು.

ಆ ಬಿರುದು ಅವರಿಗೆ ಬೇಕೇ ಬೇಕಿತ್ತು. ನಲವತ್ತು ವರ್ಷದ ಹಿಂದೆ ಗುಂಟೂರು ಕಡೆಯಿಂದ ಭದ್ರಾ ನಾಲೆಯ ನೀರು ನಂಬಿ ಬಂದ ರೈತ ಅವರು. ವಲಸೆ ರೈತರ ಕ್ಯಾಂಪಿನಲ್ಲಿ ಗುಡಿಸಲು ಹಾಕಿ, ಭತ್ತ ಬೆಳೆದು, ಕನ್ನಡ ಕಲಿತು, ಕೊನೆಗೆ ಎಲೆಕ್ಷನ್ನೂ ಗೆದ್ದರು. ಆದರೂ ಮೊನ್ನೆ ಎದುರು ಪಕ್ಷದ ಬಕ್ಕೇಶಪ್ಪ ತುಂಬಿದ ಸಭೆಯಲ್ಲಿ, "ವಲಸೆ ಬಂದೋರ್ಗೆ ನಮ್ಮೂರ ಕಷ್ಟ ಏನು ಗೊತ್ತು?" ಎಂದುಬಿಟ್ಟಿದ್ದ. ಅಂದಿನಿಂದ ರಾಯರಿಗೆ ಅನ್ನ ಸೇರುತ್ತಿರಲಿಲ್ಲ.

ರಸ್ತೆ ಪಕ್ಕದ ಗದ್ದೆಯಲ್ಲಿ ಒಬ್ಬ ಮುದುಕಿ, ಇಬ್ಬರು ಹೆಂಗಸರು ನಾಟಿ ಮಾಡುತ್ತಿದ್ದರು. ರಾಯರಿಗೆ ಸುಮ್ಮನಿರಲಾಗಲಿಲ್ಲ.

"ಅಷ್ಟು ಆಳಕ್ಕೆ ಊರಬಾರದಮ್ಮಾ, ತೆಂಡೆ ಒಡೆಯಲ್ಲ, ಬುಡದಿಂದ ಹೊಸ ಚಿಗುರು ಬರಲ್ಲ."

"ಬಾಯಿ ಇರೋನಿಗೆ ಕೈ ಇಲ್ಲೇನು? ಇಳಿ," ಎಂದಳು ಮುದುಕಿ ಮಾರೆಮ್ಮ.

ಐದೇ ನಿಮಿಷ ಎಂದುಕೊಂಡು ರಾಯರು ಮೊಬೈಲು ಕಾರಿನಲ್ಲೇ ಬಿಟ್ಟು, ಇಸ್ತ್ರಿ ಜುಬ್ಬ ಬದುವಿನ ಮೇಲಿಟ್ಟು, ತಲೆಗೆ ಟವೆಲ್ ಸುತ್ತಿ, ಪಂಚೆ ಎತ್ತಿ ಕಟ್ಟಿ ಇಳಿದರು. ಕೆಸರು ಕಾಲಿಗೆ ತಾಕಿದ್ದೇ ತಡ, ತವರಿಗೆ ಬಂದ ಮಗಳಂತಾದರು. ಹಿಂದಕ್ಕೆ ಸರಿಯುತ್ತ ಸಾಲು ಹಿಡಿದವರಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಅವರ ಜುಬ್ಬದ ಮೇಲೆ ಮಾರೆಮ್ಮ ಸಸಿಯ ಕಟ್ಟು ಪೇರಿಸಿದಳು.

ಟೈರಿನೊಂದಿಗೆ ವಾಪಸ್ ಬಂದ ಹನುಮೇಶ್ ರಸ್ತೆಯಿಂದಲೇ ಕೂಗಿದ. "ಅಜ್ಜೀ, ಎಮ್ಮೆಲ್ಲೆ ಸಾಹೇಬ್ರನ್ನ ಕಂಡ್ರೇನ್ರಿ?"

"ಎಮ್ಮೆಲ್ಲೆ ಗದ್ದಿಗ್ಯಾಕ ಬರ್ತಾನಪ್ಪಾ, ಎಲೆಕ್ಷನ್ ಏನಾರ ಬಂತೇನು?"

ಈಗ ತಲೆ ಎತ್ತಿದರೆ ಮರ್ಯಾದೆ ಹೋಯಿತು! ರಾಯರು ಇನ್ನಷ್ಟು ಬಗ್ಗಿದರು. ಸಾಹೇಬರು ಬೇರೆ ಗಾಡಿ ಹತ್ತಿರಬೇಕೆಂದು ಹನುಮೇಶ್ ಟೈರು ಹಾಕಿ ದಾವಣಗೆರೆಗೆ ಕಾರು ಓಡಿಸಿದ. ಈ ಸಾಲು ಮುಗಿಸಿ ಹೋದರಾಯಿತು ಎನ್ನುತ್ತ ರಾಯರು ಬದುವಿನಿಂದ ಬದುವಿನವರೆಗೆ ಇಡೀ ಮಡಿ ಮುಗಿಸಿದರು.

ಮಧ್ಯಾಹ್ನ ಹನುಮೇಶ್ ಮತ್ತೆ ಬಂದಾಗ ರಾಯರು ಸೊಂಟ ಹಿಡಿದುಕೊಂಡು ಬದು ಹತ್ತುತ್ತಿದ್ದರು.

"ಸಾಹೇಬ್ರೇ! ಇಲ್ಲಿದ್ದೀರೇನ್ರಿ? ಕಾದು ಕಾದು ಸಾಕಾಗಿ ಪೇಟಾನ ಬಕ್ಕೇಶಪ್ಪನೋರ ತಲಿಗೇ ಇಟ್ಟುಬಿಟ್ರು!"

ರಾಯರ ಮುಖ ಬಾಡಿತು. ಆದರೂ ಮುದುಕಿಯನ್ನು ಬೈಯಲು ಮನಸ್ಸು ಬರಲಿಲ್ಲ. "ಹೋಗ್ಲಿ ಬಿಡಮ್ಮಾ, ನಾನು ಎಮ್ಮೆಲ್ಲೆ ಅಂತ ನಿನಗೇನು ಗೊತ್ತು."

"ಗೊತ್ತಿಲ್ದೆ ಏನು? ವೋಟು ಹಾಕಿದೋಳೇ ನಾನು. ಆಳು ಸಿಗ್ದೆ ಮೂರು ದಿನ ಆಗಿತ್ತು."

"ಗೊತ್ತಿದ್ದೂ ಕೆಸರಿಗೆ ಇಳಿಸಿದ್ಯಾ?"

"ಹೊರಗಿನೋನಾಗಿದ್ರೆ ನೆಳ್ಳಾಗೆ ಕೂಡ್ಸಿ ಚಾ ಕೊಡ್ತಿದ್ದೆ. ನೀನು ನಮ್ಮೋನೇ ಅಲ್ಲೇನು, ಅದ್ಕೇ ಸಸಿ ಕೊಟ್ಟೆ."

ಮೊನ್ನೆಯಿಂದ ಎದೆ ಕೊರೆಯುತ್ತಿದ್ದ ಮಾತು ಕರಗಿ, ರಾಯರ ಕಣ್ಣು ತುಂಬಿ ಬಂತು.

"ಅಳಾದು ಆಮ್ಯಾಲೆ," ಎಂದಳು ಮಾರೆಮ್ಮ. "ಮೇಲಿನ ಮಡಿ ಹಂಗೇ ಐತೆ. ನಾಳೆ ಆರಕ್ಕೇ ಬಾ. ಈ ಪಿ.ಎ.ನೂ ಕರ್ಕೊಂಡು ಬಾ."