ಕರಡಿಗೆ ಯಾವ ಅಳತೆಯ ಗುಂಡು?

ಐದು ವಾರ ಮನೆಯೊಳಗೆ ಕೂತು ಕಷ್ಟಪಟ್ಟವರು ಇಬ್ಬರು: ನನ್ನ ಅತ್ತೆ ಕಮಲಮ್ಮನವರು ಮತ್ತು ಕಾಡಿನ ಆಚೆ ಬದಿಯ ಮನೆಯ ನೂರ್‌ಜಹಾನಮ್ಮನವರು. ಕರಡಿಗೆ ಯಾವ ತೊಂದರೆಯೂ ಆಗಲಿಲ್ಲ. ಆ ಕರಡಿಯನ್ನು ಎದುರಿಸಲು ಯಾವ ಅಳತೆಯ ಪಿಸ್ತೂಲು ಸೂಕ್ತವೆಂದು ಐದು ವಾರ ಚರ್ಚಿಸಿದ ಇಬ್ಬರು ಗಂಡಸರಿಗೂ ಆಗಲಿಲ್ಲ. ಚರ್ಚೆಯ ಜೊತೆಗೆ ಒಳಹೋದ ಪಕೋಡದಿಂದ ಒಬ್ಬನ ಬೆಲ್ಟು ಒಂದು ತೂತು ಮುಂದೆ ಸರಿಯಿತು, ಅಷ್ಟೆ. ಬಿಗಿದುಕೊಂಡದ್ದು ನೂರ್‌ಜಹಾನಮ್ಮನವರ ಮೊಣಕಾಲು. ಯಾವುದೇ ಅನ್ಯಾಯದ ವರದಿಯನ್ನು ಅದನ್ನು ಅನುಭವಿಸಿದವರ ಹೆಸರಿನಿಂದಲೇ ಆರಂಭಿಸಬೇಕು ಎಂಬುದು ಕಾಲೇಜಿನ ದಿನಗಳಿಂದ ನಾನು ಪಾಲಿಸುತ್ತಿರುವ ನಿಯಮ. ಹೊಣೆಗಾರರ ಹೆಸರು ಆಮೇಲೆ ಬರಬೇಕು. ಬರುತ್ತದೆ.

ನಾನು ಪತ್ರ ಬರೆಯುವ ಹೆಂಗಸು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪ್ರೇಮಪತ್ರವಲ್ಲ, ಮನವಿ, ಆಕ್ಷೇಪಣೆ, ಜ್ಞಾಪನೆ. ಅಮೆರಿಕದ ಬಾಸ್ಕಿಂಗ್ ರಿಡ್ಜ್‌ನ ನಮ್ಮ ಬಡಾವಣೆಯಲ್ಲಿ ಬಟ್ಟೆಯನ್ನು ಬಿಸಿಲಿಗೆ ಹರವುವ ಹಕ್ಕು ಇಂದು ಯಾರಿಗಾದರೂ ಇದ್ದರೆ ಅದು ಮನೆಮಾಲೀಕರ ಸಂಘಕ್ಕೆ ನಾನು ಬರೆದ ಹದಿನಾಲ್ಕು ಪತ್ರಗಳ ಫಲ. ಕಾಡಿನ ಕಾಲುದಾರಿಯ ನಡುವೆ ಬೆಂಚು ಬಂದದ್ದು ನನ್ನ ಪತ್ರದಿಂದ. ಬ್ಯಾಕ್‌ಯಾರ್ಡಿನಲ್ಲಿ ಕಾಂಪೋಸ್ಟ್ ಗುಡ್ಡೆ ಹಾಕಲು ಅನುಮತಿ ಸಿಕ್ಕದ್ದೂ ನನ್ನ ಪತ್ರದಿಂದಲೇ. ಎಂಟು ತಿಂಗಳ ಹೋರಾಟ ಅದು. ಅನುಮತಿ ಬಂದ ದಿನ ನಾನೇ ಸಂಚಾಲಕಿಯಾಗಿ ಗೊಬ್ಬರ ಸಮಿತಿಯೊಂದನ್ನು ರಚಿಸಿದೆ. ಸದಸ್ಯರು ಯಾರೂ ಸಿಗಲಿಲ್ಲವಾದ್ದರಿಂದ ಕಾರ್ಯದರ್ಶಿ, ಖಜಾಂಚಿ, ಸಾಮಾನ್ಯ ಸದಸ್ಯೆ ಎಲ್ಲವೂ ನಾನೇ ಆದೆ. ಆ ಸಮಿತಿಯ ನಿರ್ಣಯಗಳೆಲ್ಲ ಸರ್ವಾನುಮತದವು. ‘ಯಜಮಾನರು’ ಎಂಬ ಪದವನ್ನು ತಾತ್ವಿಕ ಕಾರಣಗಳಿಗಾಗಿ ನಾನು ಬಳಸುವುದಿಲ್ಲ. ಆದ್ದರಿಂದ ನನ್ನ ಗಂಡನನ್ನು ಇಲ್ಲಿ ಶ್ರೀಧರ ಎಂದೇ ಕರೆಯುತ್ತೇನೆ. ಅವನೂ ಬಡಾವಣೆಯವರಿಗೆಲ್ಲ ನನ್ನನ್ನು ‘ನಮ್ಮ ಲೆಟರ್ ಡಿಪಾರ್ಟ್‌ಮೆಂಟು’ ಎಂದೇ ಪರಿಚಯಿಸುತ್ತಾನೆ.

ನಮ್ಮ ಮನೆಯ ಹಿಂದೆ ಟೌನ್‌ಶಿಪ್ಪಿಗೆ, ಎಂದರೆ ಇಲ್ಲಿನ ಪುರಸಭೆಗೆ, ಸೇರಿದ ಒಂದು ತುಂಡು ಕಾಡಿದೆ. ಅದನ್ನು ದಾಟಿದರೆ ಇಮ್ತಿಯಾಜ್ ಅವರ ಮನೆ. ಅವರೂ ಶ್ರೀಧರನೂ ಮೈಸೂರಿನಲ್ಲಿ ಒಂದೇ ಇಂಜಿನಿಯರಿಂಗ್ ಕಾಲೇಜಿನ ಒಂದೇ ಬೆಂಚಿನವರು. ಇಮ್ತಿಯಾಜರ ತಾಯಿ ನೂರ್‌ಜಹಾನಮ್ಮನವರಿಗೆ ಜನವರಿಯಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಯಿತು. ದಿನವೂ ಅರ್ಧ ಮೈಲಿ ನಡೆಯಲೇಬೇಕು, ನಡೆಯದಿದ್ದರೆ ಹೊಸ ಕೀಲು ಹಾಗೆಯೇ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಮಗ ಹೇಳಿದರೆ ಅವರು ನಡೆಯುವುದಿಲ್ಲ, ಸೊಸೆ ಹೇಳಿದರೂ ಇಲ್ಲ. ಫೆಬ್ರವರಿಯ ಕೊನೆಗೆ ನನ್ನ ಅತ್ತೆ ಮೂರು ತಿಂಗಳ ಮಟ್ಟಿಗೆ ಮೈಸೂರಿನಿಂದ ಬಂದಿಳಿದ ಮೇಲೆ ಅವರು ನಡೆಯತೊಡಗಿದರು. ಬೆಳಿಗ್ಗೆ ಒಂಬತ್ತಕ್ಕೆ ಇವರು ಈ ತುದಿಯಿಂದ, ಅವರು ಆ ತುದಿಯಿಂದ ಹೊರಟು ಬೆಂಚಿನಲ್ಲಿ ಸೇರುವುದು, ಸೇರಿ ದೇವರಾಜ ಮಾರುಕಟ್ಟೆಯ ವೀಳ್ಯದೆಲೆಯಿಂದ ಹಿಡಿದು ಇಲ್ಲಿನ ಸೊಸೆಯಂದಿರವರೆಗೆ ಎಲ್ಲವನ್ನೂ ಜರಡಿ ಹಿಡಿಯುವುದು. ಅತ್ತೆ ನಿವೃತ್ತ ಗಣಿತದ ಟೀಚರು. ನೂರ್‌ಜಹಾನಮ್ಮನವರು ಇಟ್ಟ ಹೆಜ್ಜೆಗಳ ಲೆಕ್ಕವನ್ನು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದು, ಕೆಳಗೆ ‘ಉತ್ತಮ’ ಅಥವಾ ‘ಇನ್ನೂ ಪ್ರಯತ್ನಿಸಬೇಕು’ ಎಂದು ಷರಾ ಹಾಕುತ್ತಿದ್ದರು.

ಯುಗಾದಿ ಕಳೆದು ಎರಡು ವಾರಕ್ಕೆ, ಬೆಳಗಿನ ಕಾಫಿಯ ಹೊತ್ತಿಗೆ, ನಮ್ಮ ಹಿಂಬಾಗಿಲ ಕ್ಯಾಮೆರಾದಲ್ಲಿ ಕರಡಿ ಕಾಣಿಸಿಕೊಂಡಿತು. ದೊಡ್ಡ ಕಪ್ಪು ಕರಡಿ. ಆತುರವೇನೂ ಇಲ್ಲದೆ, ಮನೆ ನೋಡಲು ಬಂದ ಬಾಡಿಗೆದಾರನಂತೆ ಬೇಲಿಯ ಪಕ್ಕ ನಡೆದು ಕಾಡಿನೊಳಕ್ಕೆ ಹೋಯಿತು. ಅಂದು ಸಂಜೆಯೇ ಶ್ರೀಧರ ಮತ್ತು ಇಮ್ತಿಯಾಜ್ ಸೇರಿ, ಸೂಕ್ತ ರಕ್ಷಣೆ ಏರ್ಪಾಡಾಗುವವರೆಗೆ ತಾಯಂದಿರು ಕಾಡಿನ ದಾರಿಗೆ ಹೋಗಕೂಡದು ಎಂದು ತೀರ್ಮಾನಿಸಿದರು. ತಾಯಂದಿರನ್ನು ಯಾರೂ ಕೇಳಲಿಲ್ಲ. ಇದು ನಾನು ಗುರುತಿಸಿದ ಮೊದಲನೆಯ ತಪ್ಪು.

ಸೂಕ್ತ ರಕ್ಷಣೆ ಎಂದರೆ ಪಿಸ್ತೂಲು. ಮನೆಯ ರಕ್ಷಣೆಗೂ ಆಗಬೇಕು, ಸೊಂಟಕ್ಕೆ ಕಟ್ಟಿಕೊಂಡು ಕಾಡಿನಲ್ಲಿ ಅಮ್ಮಂದಿರ ಹಿಂದೆ ನಡೆಯಲಿಕ್ಕೂ ಆಗಬೇಕು. ಪರವಾನಗಿಯ ಅರ್ಜಿಗೆ ಅರ್ಜಿದಾರನ ನಡತೆ ಬಲ್ಲ ಇಬ್ಬರ ಹೆಸರು ಬೇಕು; ಇಬ್ಬರಲ್ಲಿ ಒಬ್ಬರಾಗಿ ಇವನು ಅವರ ಹೆಸರನ್ನೂ ಅವರು ಇವನ ಹೆಸರನ್ನೂ ಬರೆದುಕೊಂಡರು. ಕಾಲೇಜಿನಲ್ಲಿ ಒಬ್ಬರ ಹಾಜರಿಯನ್ನು ಇನ್ನೊಬ್ಬರು ಕೂಗುತ್ತಿದ್ದ ಅಭ್ಯಾಸ ಇಲ್ಲಿ ಕೈಹಿಡಿಯಿತು. ಅಲ್ಲಿಂದ ಮುಂದಕ್ಕೆ ಅರ್ಜಿ ಹೋಗಲಿಲ್ಲ, ಏಕೆಂದರೆ ಯಾವ ಅಳತೆ ಎಂಬುದು ಬಗೆಹರಿಯಲಿಲ್ಲ.

“ನೈನ್ ಎಂಎಂ ಸಾಕು ಕಣೋ. ಮನೆಗೂ ಆಗತ್ತೆ, ಕಾಡಿಗೂ ಆಗತ್ತೆ,” ಎಂದ ಶ್ರೀಧರ.

“ಮನೆಗೆ ಓಕೆ ಗುರು. ಕರಡಿಗೆ ಅದು ಸೊಳ್ಳೆ ಕಚ್ಚಿದಂಗೆ. ಟೆನ್ ಎಂಎಂ ತಗೋ,” ಎಂದರು ಇಮ್ತಿಯಾಜ್.

“ಒಂದು ಮಿಲಿಮೀಟರ್ ಜಾಸ್ತಿ ಆದ್ರೆ ಕರಡಿ ಸರ್ಟಿಫಿಕೇಟ್ ಕೊಡತ್ತಾ?”

“ಅಗಲ ಅಲ್ವೋ, ಹಿಂದಿರೋ ಮದ್ದು! ಅದೇ ಅಗಲದ್ದು ಪಾಯಿಂಟ್ ಫಾರ್ಟಿ ಅಂತಾನೂ ಇದೆ. ಗುಂಡು ಅದೇ, ಪವರ್ ಕಮ್ಮಿ.”

“ಹಂಗಾದ್ರೆ ರಿವಾಲ್ವರ್ರೇ ತಗೊಳ್ಳೋಣ. ತ್ರೀ ಫಿಫ್ಟಿ ಸೆವೆನ್. ಕಾಡಿಗೆ ಹೋಗೋರೆಲ್ಲ ಅದನ್ನೇ ಹೇಳ್ತಾರೆ.”

ಎದುರಾಳಿಯ ವಾದವನ್ನು ಪೂರ್ತಿ ಅರಿಯದೆ ಖಂಡಿಸಬಾರದು ಎಂಬುದು ನನ್ನ ಇನ್ನೊಂದು ನಿಯಮವಾದ್ದರಿಂದ ನಾನೂ ಓದಿದೆ. ಓದಿದ್ದನ್ನು ಚಕ್ಕುಲಿ ಒರಳಿನ ಭಾಷೆಯಲ್ಲಿ ಹೇಳಬಹುದು. ಪಾಯಿಂಟ್ ಫಾರ್ಟಿ, ತ್ರೀ ಫಿಫ್ಟಿ ಸೆವೆನ್ ಎಂಬವು ಇಂಚಿನ ಲೆಕ್ಕ. ಟೆನ್ ಎಂಎಂ ಮತ್ತು ಪಾಯಿಂಟ್ ಫಾರ್ಟಿ ಎರಡಕ್ಕೂ ಬಿಲ್ಲೆಯ ತೂತು ಒಂದೇ. ಮೊದಲನೆಯದರಲ್ಲಿ ಒರಳು ಉದ್ದ, ಹಿಟ್ಟು ಹೆಚ್ಚು, ಒತ್ತುವವರ ಕೈಗೆ ನೋವೂ ಹೆಚ್ಚು. ನೈನ್ ಎಂಎಂ ಮತ್ತು ತ್ರೀ ಫಿಫ್ಟಿ ಸೆವೆನ್‌ಗಳ ಗುಂಡಿನ ಅಗಲದ ವ್ಯತ್ಯಾಸ ಒಂದು ಇಂಚಿನ ಸಾವಿರದಲ್ಲಿ ಎರಡು ಭಾಗ. ಇದನ್ನು ಊಟದ ಮೇಜಿನಲ್ಲಿ ವಿವರಿಸಿದಾಗ ಅತ್ತೆ ಮಜ್ಜಿಗೆಯ ಲೋಟ ಕೆಳಗಿಟ್ಟು ಮಗನತ್ತ ನೋಡಿದರು. “ಸಾವಿರದಲ್ಲಿ ಎರಡು ಭಾಗಕ್ಕೆ ನನ್ನ ಮೂರು ವಾರ ಹೋಯ್ತೇನೋ? ಪರೀಕ್ಷೇಲಿ ನೀನು ಇಷ್ಟು ದಶಮಾಂಶ ನೋಡಿದ್ದಿದ್ರೆ ರ್‍ಯಾಂಕ್ ಬರ್ತಿತ್ತು.”

“ಅಮ್ಮಾ, ಸೇಫ್ಟಿ ವಿಷಯ ಇದು.”

“ಯಾರ ಸೇಫ್ಟಿ? ನೂರ್‌ಜಹಾನಮ್ಮ ಫೋನಲ್ಲಿ ಅಳ್ತಾ ಇದ್ರು. ಕಾಲು ಮಡಿಸಕ್ಕಾಗಲ್ವಂತೆ. ಕೆಳಗೆ ಕೂತು ನಮಾಜ್ ಮಾಡೋಣ ಅಂತ ಆಸೆ ಇತ್ತು, ಈಗ ಕುರ್ಚೀನೇ ಗತಿ ಅಂದ್ರು. ನಾನಿನ್ನು ಇಲ್ಲಿರೋದು ಎಷ್ಟು ದಿನ ಅಂತ ನಿಂಗೆ ಗೊತ್ತಲ್ಲ.” ಶ್ರೀಧರ ತಟ್ಟೆಯಲ್ಲಿದ್ದ ಕರಿಬೇವನ್ನು ಅಂಚಿಗೆ ಸರಿಸುತ್ತಾ ಕೂತ.

ಮರುದಿನ ಅತ್ತೆ ನನ್ನನ್ನೂ ಕೇಳಿದರು: “ಅಲ್ಲಮ್ಮಾ, ಆ ಕರಡಿ ಯಾಕೆ ಬರ್ತಿದೆ ಅಂತ ಯಾರಾದ್ರೂ ಯೋಚ್ನೆ ಮಾಡಿದ್ರಾ?” ಇಂತಹ ಪ್ರಶ್ನೆಗಾಗಿಯೇ ಕಾಯುತ್ತಿದ್ದ ನಾನು ಅವರಿಗೆ ಉಪನಗರಗಳ ವಿಸ್ತರಣೆ, ಅರಣ್ಯದ ಒತ್ತುವರಿ, ಬಡಾವಣೆ ಕಟ್ಟುವ ಕಂಪನಿಗಳ ದುರಾಸೆ ಇವುಗಳ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಅದೂ ಇರಬಹುದು,” ಎಂದು ಹೇಳಿ, ಕಿಟಕಿಯಾಚೆ ಬ್ಯಾಕ್‌ಯಾರ್ಡಿನ ಮೂಲೆಯನ್ನು ಸ್ವಲ್ಪ ಹೊತ್ತು ನೋಡಿ, ತಮ್ಮ ಸುಡೊಕುಗೆ ಹಿಂತಿರುಗಿದರು. ಆ ನೋಟವನ್ನು ನಾನು ಮೆಚ್ಚುಗೆ ಎಂದು ತಿಳಿದೆ.

ನಾಲ್ಕನೆಯ ವಾರ ಗೆಳೆಯರಿಬ್ಬರೂ ಪರಿಚಯದವರೊಬ್ಬರ ಜೊತೆ ಶೂಟಿಂಗ್ ರೇಂಜಿಗೆ ಹೋದರು. ಶ್ರೀಧರ ಟೆನ್ ಎಂಎಂ ಹಿಡಿದು ಹತ್ತು ಗುಂಡು ಹಾರಿಸಿದ. ನೆನಪಿಗೆಂದು ಮನೆಗೆ ತಂದ ಗುರಿಯ ಹಾಳೆಯಲ್ಲಿ ಒಂದೇ ತೂತಿತ್ತು. ಅದೂ ಪಕ್ಕದವರದಿರಬಹುದು ಎಂದು ಇಮ್ತಿಯಾಜ್ ಅನುಮಾನಿಸಿದರು. ಎರಡು ದಿನ ಅವನ ಬಲಗೈ ಕಾಫಿಯ ಲೋಟ ಎತ್ತಲಿಲ್ಲ. ಇಷ್ಟಾದರೂ ಅವನು ತಲುಪಿದ ತೀರ್ಮಾನ, ತಪ್ಪು ಅಳತೆಯದು ಎಂದು.

ಆಗ ನಾನು ಟೌನ್‌ಶಿಪ್ಪಿಗೆ ಪತ್ರ ಬರೆದೆ. ಮೂರು ಪುಟ, ಏಳು ತಪ್ಪುಗಳು. ಭಯವನ್ನು ಮಿಲಿಮೀಟರಿನ ಲೆಕ್ಕದಲ್ಲಿ ಮಾರುವ ಉದ್ಯಮದ ತಪ್ಪು. ತಾವು ಕಂಡೇ ಇರದ ಕರಡಿಯನ್ನು ದಿನಕ್ಕೆರಡು ಬಾರಿ ಹೊಡೆದುರುಳಿಸುವ ಅಂತರ್ಜಾಲದ ವೀರರ ತಪ್ಪು. ಕಾಡನ್ನು ತುಂಡು ಮಾಡಿ ಮಾರಿದವರ ತಪ್ಪು. ಕರಡಿಯ ಕುರಿತು ನಾಗರಿಕರಿಗೆ ತಿಳಿವಳಿಕೆ ನೀಡದ ಟೌನ್‌ಶಿಪ್ಪಿನ ತಪ್ಪು. ಹೆಂಗಸರನ್ನು ಕೇಳದೆ ಹೆಂಗಸರನ್ನು ಕಾಯಲು ಹೊರಟವರ ತಪ್ಪು, ಹೀಗೆ. ರಕ್ಷಣೆ ಎಂಬ ಹೆಸರಿನಲ್ಲಿ ನಡೆದಿರುವುದು ಗೃಹಬಂಧನ ಎಂದು ಬರೆದ ವಾಕ್ಯವನ್ನು ನಾನು ಈಗಲೂ ಹಿಂತೆಗೆದುಕೊಳ್ಳುವುದಿಲ್ಲ. ಮನೆಯಲ್ಲಿ ಪಿಸ್ತೂಲು ಬೇಡ ಎಂಬ ಮಾತನ್ನೂ ಇಲ್ಲ. ಅಧಿಕಾರಿಯೊಬ್ಬರು ಸ್ವತಃ ಬಂದು ಸ್ಥಳ ಪರಿಶೀಲಿಸಬೇಕೆಂದು ಆಗ್ರಹಿಸಿ ಮುಗಿಸಿದ್ದೆ.

ಆಗ್ರಹ ಫಲಿಸಿತು. ಪ್ರಾಣಿ ನಿಯಂತ್ರಣದ ಅಧಿಕಾರಿ, ಎತ್ತರದ, ಹೆಚ್ಚು ಮಾತಾಡದ ಹೆಂಗಸು, ಶನಿವಾರ ಮಧ್ಯಾಹ್ನ ಬಂದರು. ಎರಡು ಮನೆಯವರೂ ಸೇರಿದ್ದೆವು. ಅತ್ತೆ ಮತ್ತು ನೂರ್‌ಜಹಾನಮ್ಮನವರು ಹಿಂಬಾಗಿಲಾಚೆ ಜಗಲಿಯಂತಿರುವ ನಮ್ಮ ಮರದ ಡೆಕ್ಕಿನ ಮೇಲೆ ಅಕ್ಕಪಕ್ಕ ಕೂತಿದ್ದರು, ನೂರ್‌ಜಹಾನಮ್ಮನವರ ಕಾಲು ಸ್ಟೂಲಿನ ಮೇಲಿತ್ತು. ಅವರನ್ನು ಕಾರಿನಲ್ಲಿ ಕರೆತರಬೇಕಾಗಿ ಬಂದಿತ್ತು. ಕಾಲುದಾರಿಯ ಬಾಯಲ್ಲಿ ಶ್ರೀಧರ ವಿನಯದಿಂದ, ಕಾಡಿನ ನಡಿಗೆಗೆ ತಾವು ನೈನ್ ಎಂಎಂ ಹೇಳುವಿರೋ ಟೆನ್ ಎಂಎಂ ಹೇಳುವಿರೋ ಎಂದು ಕೇಳಿದ. ಅವರು ಅವನ ಭುಜದ ಹಿಂದಿನ ಹಸಿರು ಫಲಕದತ್ತ ಬೆರಳು ತೋರಿಸಿದರು. ಈ ಜಾಗದಲ್ಲಿ ಬಂದೂಕಾಗಲಿ ಪಿಸ್ತೂಲಾಗಲಿ ತರುವಂತಿಲ್ಲ ಎಂದು ಅದರಲ್ಲಿ ಬರೆದಿತ್ತು. ಆರು ವರ್ಷಗಳಿಂದ ಅದರ ಪಕ್ಕದಲ್ಲೇ ನಡೆದಾಡಿದ್ದೇವೆ.

ನಾನು ವಿಜಯದ ನಗೆ ನಗುತ್ತಿದ್ದೆ. ಅಷ್ಟರಲ್ಲಿ ಅವರು ಬೇಲಿಯ ಪಕ್ಕ ಹೆಜ್ಜೆ ಗುರುತು ಹಿಡಿದು ಹೊರಟು, ನೇರವಾಗಿ ನನ್ನ ಕಾಂಪೋಸ್ಟ್ ಗುಡ್ಡೆಯ ಎದುರು ನಿಂತರು. ಕೋಲಿನಿಂದ ಕೆದಕಿದರು. ತುದಿಗೆ ಅಂಟಿ ಬಂದ ಕಿತ್ತಳೆ ಬಣ್ಣದ ಮುದ್ದೆಯನ್ನು ಬಿಸಿಲಿಗೆ ಹಿಡಿದು, ಇದೇನು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಡೆಕ್ಕಿನ ಮೇಲಿಂದ ಅತ್ತೆಯ ತರಗತಿಯ ಧ್ವನಿ ಕೇಳಿಸಿತು: “ದಟ್ ಈಸ್ ಕೇಸರಿಬಾತ್!”

“ವಿತ್ ಘೀ,” ಎಂದರು ನೂರ್‌ಜಹಾನಮ್ಮನವರು.

ಇಲ್ಲಿ ಒಂದು ವಿವರಣೆ ಅಗತ್ಯ. ನಾವು ಅನ್ನವನ್ನು ಕಸದ ಡಬ್ಬಿಗೆ ಹಾಕುವ ಜನರಲ್ಲ. ಹಾಕಲು ಕೈ ಬರುವುದಿಲ್ಲ. ಈ ವರ್ಷದ ಯುಗಾದಿಯ ಊಟ ಈಸ್ಟ್ ಬ್ರನ್ಸ್‌ವಿಕ್‌ನ ಹಾಲ್ ಒಂದರಲ್ಲಿ ನಡೆದಾಗ ಎಂಟು ಅಲ್ಯೂಮಿನಿಯಂ ಟ್ರೇಗಳಷ್ಟು ಹೋಳಿಗೆ, ಪುಳಿಯೋಗರೆ, ಕೇಸರಿಬಾತು ಉಳಿದವು. ಎಲ್ಲರೂ ಕಸದ ಡಬ್ಬಿಯ ಮುಂದೆ ಅಪರಾಧಿಗಳಂತೆ ನಿಂತಿದ್ದಾಗ ನಾನು ಮುಂದೆ ಬಂದು, “ಮಣ್ಣಿಗೇ ಮರಳಿಸೋಣ,” ಎಂದೆ. ಚಪ್ಪಾಳೆ ಬಿತ್ತು. ಅಂದಿನಿಂದ ಗೃಹಪ್ರವೇಶವಾಗಲಿ ನಾಮಕರಣವಾಗಲಿ, ಅರ್ಧ ಗಂಟೆಯ ದಾರಿಯ ಮೆಟುಚೆನ್‌ನಿಂದಲೂ ಜನ ಡ್ರೈವ್ ಮಾಡಿಕೊಂಡು ಬಂದು, “ಆಂಟಿ, ಸ್ವಲ್ಪ ಉಳೀತು, ನಿಮ್ಮ ಕಾಂಪೋಸ್ಟಿಗೆ,” ಎಂದು ಟ್ರೇ ಕೊಟ್ಟು, ಹಗುರಾದ ಮನಸ್ಸಿನಿಂದ ಹಿಂತಿರುಗುತ್ತಿದ್ದರು. ಕಾಂಪೋಸ್ಟಿಗೆ ಬೇಯಿಸಿದ್ದನ್ನು ಹಾಕಬಾರದು ಎಂಬ ಒಂದು ಸಾಲು ಟೌನ್‌ಶಿಪ್ ಕಳಿಸಿದ ಅನುಮತಿ ಪತ್ರದಲ್ಲೇ ಇತ್ತಂತೆ. ಗೆದ್ದ ಪತ್ರವನ್ನು ಪೂರ್ತಿ ಓದುವ ಅಭ್ಯಾಸ ನನಗಿಲ್ಲ.

ಅಧಿಕಾರಿ ಕೋಲನ್ನು ಹುಲ್ಲಿಗೆ ಒರೆಸಿದರು. ನೀವು ಹೋಟೆಲ್ ತೆರೆದಿದ್ದೀರಿ, ಅದು ತಪ್ಪದೆ ಬರುವ ಗಿರಾಕಿ ಎಂದರು. ಬೇಯಿಸಿದ್ದನ್ನು ನಿಲ್ಲಿಸಿ, ಗುಡ್ಡೆ ತೆಗೆದು, ಚಿಲಕವಿರುವ ಗಟ್ಟಿ ಡಬ್ಬಿ ಇಟ್ಟರೆ ಕೆಲವೇ ದಿನಗಳಲ್ಲಿ ಅದು ತನ್ನ ದಾರಿ ನೋಡಿಕೊಳ್ಳುತ್ತದೆ. ಆಮೇಲೆ ಕಾಡಿನಲ್ಲಿ ನಡೆಯುವವರು ಜೋರಾಗಿ ಮಾತಾಡುತ್ತಿದ್ದರೆ ಸಾಕು ಎಂದರು. ನಾವೆಲ್ಲರೂ ಡೆಕ್ಕಿನ ಕಡೆ ನೋಡಿದೆವು. ಅಲ್ಲಿ ಆ ವಿದ್ಯೆಯಲ್ಲಿ ಪಳಗಿದವರಿಬ್ಬರು ಕೂತಿದ್ದರು.

“ಅಕ್ಕಾ,” ಎಂದರು ಇಮ್ತಿಯಾಜ್, ಬಹಳ ಮೃದುವಾಗಿ, “ನಿಮ್ಮ ಲೆಟರಲ್ಲಿ ಏಳು ತಪ್ಪು ಇದ್ವಲ್ಲ. ಎಂಟನೇದು ಸೇರಿಸ್ಬೋದಾ?”

“ಅದೂ ಇರಬಹುದು,” ಎಂದರು ಅತ್ತೆ.

ಇದಾಗಿ ಐದು ದಿನವಾಯಿತು. ಪಿಸ್ತೂಲಿನ ಅರ್ಜಿ ಕಸಕ್ಕೆ ಹೋಗಿದೆ. ಆದರೆ ಡಬ್ಬಿ ಇನ್ನೂ ಬಂದಿಲ್ಲ, ಏಕೆಂದರೆ ಚಿಲಕದ ಬೋಲ್ಟು ಕಾಲು ಇಂಚಿನದು ಸಾಕೋ, ಅದಕ್ಕಿಂತ ಒಂದೆಳೆ ದಪ್ಪದ್ದು ಬೇಕೋ ಎಂದು ಶ್ರೀಧರ ಮತ್ತು ಇಮ್ತಿಯಾಜ್ ಚರ್ಚಿಸುತ್ತಿದ್ದಾರೆ. ಗುಡ್ಡೆಯೂ ಅಲ್ಲೇ ಇದೆ, ಏಕೆಂದರೆ ಅದನ್ನು ತೆಗೆಯಬೇಕಾದವಳು ಕೂತು ಇದನ್ನು ಬರೆಯುತ್ತಿದ್ದಾಳೆ. ಅತ್ತೆಯ ವಿಮಾನಕ್ಕೆ ಇನ್ನು ಹನ್ನೆರಡು ದಿನ.

ಆದ್ದರಿಂದ ಹೊಣೆಗಾರರಲ್ಲಿ ಈ ಮೂಲಕ ಆಗ್ರಹಿಸುವುದೇನೆಂದರೆ: ಗೊಬ್ಬರ ಸಮಿತಿಯ ಸಂಚಾಲಕಿಯೂ ಕಾರ್ಯದರ್ಶಿಯೂ ಏಕೈಕ ಸದಸ್ಯೆಯೂ ಆದವರು ನಾಳೆ ಸಂಜೆಯೊಳಗೆ ಆ ಗುಡ್ಡೆಯನ್ನು ಖುದ್ದಾಗಿ ಸಲಿಕೆ ಹಿಡಿದು ತೆಗೆಯತಕ್ಕದ್ದು, ಇಂಜಿನಿಯರುಗಳಿಬ್ಬರು ಯಾವುದೇ ಅಳತೆಯ ಬೋಲ್ಟು ಹಾಕಿದ ಡಬ್ಬಿಯನ್ನು ಶನಿವಾರ ಮಧ್ಯಾಹ್ನದೊಳಗೆ ತಂದಿಡತಕ್ಕದ್ದು, ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಮೂವರೂ ಕಾಡಿನ ಬೆಂಚಿನ ಬಳಿ ಹಾಜರಿದ್ದು, ಅಲ್ಲಿ ಕೂತಿರುವ ಇಬ್ಬರ ಕ್ಷಮೆಯನ್ನು ಮೌಖಿಕವಾಗಿ, ಚಿಕ್ಕದಾಗಿ ಕೇಳತಕ್ಕದ್ದು. ತಪ್ಪಿದಲ್ಲಿ ಮುಂದಿನ ಪತ್ರವನ್ನು ನನ್ನ ಅತ್ತೆಯೇ ಬರೆಯುತ್ತಾರೆ. ಅವರು ಈಗಾಗಲೇ ನನ್ನ ಮೂರು ಪುಟದ ಪ್ರತಿಯನ್ನು ಕೇಳಿ ಪಡೆದು, ಕೆಂಪು ಶಾಯಿಯ ಪೆನ್ನು ಎಲ್ಲಿದೆ ಎಂದು ವಿಚಾರಿಸಿದ್ದಾರೆ.