‘ಉಪ್ನೀರ್’ ಎರಡನೇ ಸಲ ಬಂದದ್ದು

ಹಾಡು ಮಾರುವ ಅಂಗಡಿಯಲ್ಲಿ ಕೂತವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ತಾನಾಗಿಯೇ ಮೆಟ್ಟಿಲು ಹತ್ತಿ ಬರುತ್ತದೆ. ಹೆಚ್ಚಿನ ಸಲ ಒಬ್ಬಂಟಿಯಾಗಿ ಬರುವುದಿಲ್ಲ, ಒಂದಿಷ್ಟು ಸಂಕಟವನ್ನೂ ಕೈಹಿಡಿದು ಕರೆತರುತ್ತದೆ.

ಕುಂದಾಪುರದ ಬಸ್ ನಿಲ್ದಾಣದ ಎದುರು ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ಇಲ್ಲಿ ಹೇಳುವುದೆಲ್ಲ ಒಂದೇ ಕ್ಯಾಸೆಟ್ಟಿನ ಸುತ್ತ ನಡೆದದ್ದು. ಬೈಂದೂರಿನ ಮೀನುಗಾರರ ಮನೆಯ ಹುಡುಗನೊಬ್ಬ ಮುಂಬೈಗೆ ಹೋಟೆಲ್ ಕೆಲಸಕ್ಕೆ ಹೋಗಿ, ಅಲ್ಲಿ ಗಿಟಾರ್ ಕಲಿತು, ಒಂದು ರಾಕ್ ತಂಡ ಸೇರಿದ್ದ. ತಂಡ ಒಡೆಯಿತು. ಅವನು ಒಬ್ಬನೇ ಕೂತು ನಮ್ಮ ಕುಂದಾಪ್ರ ಕನ್ನಡದಲ್ಲೇ ಏಳು ಹಾಡು ಕಟ್ಟಿ ಹಾಡಿದ. ೧೯೯೭ರಲ್ಲಿ ಅದು ಕ್ಯಾಸೆಟ್ ಆಗಿ ಬಂತು. ಹೆಸರು ‘ಉಪ್ನೀರ್’, ಅಂದರೆ ಉಪ್ಪುನೀರು. ನಾವೆಲ್ಲ ಅವನನ್ನು ಗಿಟಾರಿನವ ಎಂದೇ ಕರೆಯುತ್ತಿದ್ದೆವು.

೧. ಸ್ವಾಮಿಗಳ ಗಂಟಲು

ಕ್ಯಾಸೆಟ್ಟಿನ ಮುಖಪುಟದಲ್ಲಿ ಅವನು ಉದ್ದ ಕೂದಲು ಬಿಟ್ಟುಕೊಂಡು, ಬರಿಗಾಲಲ್ಲಿ, ಕಣ್ಣು ಮುಚ್ಚಿ ಕಡಲಿನ ಎದುರು ನಿಂತಿದ್ದ. ತಲ್ಲೂರಿನ ಒಬ್ಬರು ವಯಸ್ಸಾದ ಅಮ್ಮ ಭಜನೆಯ ಕ್ಯಾಸೆಟ್ ಹುಡುಕುತ್ತ ಬಂದವರು ಅದನ್ನೇ ಎತ್ತಿಕೊಂಡರು. “ಈ ಸ್ವಾಮಿಗಳ್ ಎಲ್ಲಿಯವ್ರ್?” ಎಂದು ಕೇಳಿದರು. ನನಗೆ ಆಗ ಮೂರು ಜನ ಗಿರಾಕಿಗಳು. “ಬೈಂದೂರಿನವ್ರ್” ಎಂದೆ, ಅಷ್ಟೇ.

ವಾರ ಬಿಟ್ಟು ಅಮ್ಮ ಮತ್ತೆ ಬಂದರು. ಅದರಲ್ಲಿದ್ದದ್ದು ಡ್ರಮ್ಮು, ಕಿರುಚಾಟ. ಬೈಸಿಕೊಳ್ಳಲು ನಾನು ಎದ್ದು ನಿಂತೆ. ಅವರು ಚೀಲದಿಂದ ಒಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟರು.

“ಸ್ವಾಮಿಗಳಿಗೆ ಗಂಟ್ಲ್ ಸಮ ಇಲ್ಲೆ ಕಾಣಿ. ಆದ್ರೂ ಬಿಡ್ದೆ ಹಾಡಿದ್ರ್. ಎಷ್ಟ್ ಸಂಕ್ಟ ಇತ್ತೋ ಎಂತೋ. ಕಾಳ್ ಮೆಣ್ಸಿನ್ ಕಷಾಯ ಇದ್. ಅವ್ರ್ ಬಂದ್ರೆ ಕೊಡಿ.”

ಸಂಜೆ ಗಿಟಾರಿನವ ಬಂದಾಗ ಕೊಟ್ಟೆ, ನಡೆದದ್ದನ್ನೂ ಹೇಳಿದೆ. ಅವನು ನಗಲಿಲ್ಲ. ಸ್ಟೂಲಿನ ಮೇಲೆ ಕೂತು ಬಾಟಲಿಯನ್ನು ತಳದ ತನಕ ಕುಡಿದ. “ಮುಂಬೈಯಗೆ ಒಬ್ರೂ ಇಷ್ಟ್ ಸಮ ಕೇಣ್ಲಿಲ್ಲೆ” ಎಂದ. ಆಮೇಲೆ ಬಾಯಿ ಒರೆಸಿಕೊಂಡು ಎದ್ದು, “ಅಮ್ಮ ಬಂದ್ರೆ ಹೇಳಿ, ಸ್ವಾಮಿಗಳ್ ಆಶೀರ್ವಾದ ಮಾಡಿದ್ರ್ ಅಂದೇಳಿ” ಎಂದು ಹೊರಟ.

೨. ಹಸಿ ಧ್ವನಿ

ಆ ವರ್ಷ ಮುಂಬೈಯ ಇಂಗ್ಲಿಷ್ ಪತ್ರಿಕೆಯೊಂದು ‘ಉಪ್ನೀರ್’ ಅನ್ನು ತುಂಬ ಹೊಗಳಿ ಬರೆಯಿತು. ಗಿಟಾರಿನವನ ತಾಯಿ ಬೈಂದೂರು ಪೇಟೆಯಲ್ಲಿ ಮೀನು ಮಾರುತ್ತಿದ್ದರು. ಆ ಪತ್ರಿಕೆಯ ಹಾಳೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಮೀನು ಕೊಳ್ಳಲು ಬಂದ ಬ್ಯಾಂಕಿನ ಗುಮಾಸ್ತರಿಂದ ಓದಿಸಿದರು. ಅದರಲ್ಲಿದ್ದ ‘ರಾ ವಾಯ್ಸ್’ ಎಂಬುದನ್ನು ಗುಮಾಸ್ತರು ಕಷ್ಟಪಟ್ಟು ಕನ್ನಡ ಮಾಡಿದರು: “ಇವನದು ಹಸಿ ಧ್ವನಿ ಅಂತ ಬರ್ದಿದ್ದಾರೆ.” ತಾಯಿಗೆ ಬೇಸರವಾದೀತು ಎಂದು, “ಹಸಿ ಅಂದ್ರೆ ಇನ್ನೂ ಪಳಗಿಲ್ಲ ಅಂತ ಇರಬಹುದು” ಎಂದು ಮೆಲ್ಲಗೆ ಸೇರಿಸಿದರು.

ತಾಯಿ ಬುಟ್ಟಿಯ ಮೀನಿಗೆ ನೀರು ಚಿಮುಕಿಸಿ ಹೇಳಿದರು: “ಹಸಿ ಅಂದ್ರೆ ತಾಜಾ ಮಾರಾಯ್ರೆ. ನಮ್ಗ್ ಗೊತ್ತಿಲ್ಯಾ? ಒಣ್ಗಿದ್ದ್ ಅಲ್ಲ, ಐಸ್ ಹಾಕ್ದದ್ದೂ ಅಲ್ಲ.”

ಆ ಪತ್ರಿಕೆಯವನು ಎರಡು ಪುಟದಲ್ಲಿ ಹೇಳಿದ್ದನ್ನು ಇಷ್ಟು ಸರಿಯಾಗಿ ಯಾರೂ ಹೇಳಿರಲಿಕ್ಕಿಲ್ಲ.

೩. ಚಾಲಕರೊಂದಿಗೆ ಮಾತು

ಹೊಗಳಿಕೆ ಬಂತು, ಹಾಡಲು ಕರೆಯುವವರು ಬರಲಿಲ್ಲ. ಮರುವರ್ಷ ಅವನ ತಂದೆ ತೀರಿಕೊಂಡರು. ಅವನು ಕೂದಲು ತೆಗೆಸಿ, ಗಿಟಾರನ್ನು ಅಟ್ಟಕ್ಕೆ ಹಾಕಿ, ಬೈಂದೂರು–ಕುಂದಾಪುರ ಬಸ್ಸಿನ ಡ್ರೈವರ್ ಆದ. ನನ್ನ ಅಂಗಡಿಯಲ್ಲೂ ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಮೊಬೈಲ್ ರೀಚಾರ್ಜ್ ಬಂತು. ಹದಿನಾಲ್ಕು ಹದಿನೈದು ವರ್ಷ ಹೀಗೇ ಹೋಯಿತು.

ಒಂದು ಮಧ್ಯಾಹ್ನ ಗಡ್ಡದ ಯುವಕನೊಬ್ಬ ಅಂಗಡಿಗೆ ಬಂದ. ಮುಂಬೈಯ ಒಂದು ಸಣ್ಣ ಸಂಗೀತ ಕಂಪನಿಯವನು, ಮಂಗಳೂರು ಕಡೆಯ ಕನ್ನಡ ಬರುತ್ತಿತ್ತು. “ಈ ಹಾಡುಗಾರನನ್ನು ಮೂರು ವರ್ಷದಿಂದ ಹುಡುಕ್ತಾ ಇದ್ದೇನೆ” ಎಂದು ‘ಉಪ್ನೀರ್’ನ ಮುಖಪುಟ ತೋರಿಸಿದ. “ಕೆಲವರು ಗೋವೆಯಲ್ಲಿದ್ದಾರೆ ಅಂದರು. ಕೆಲವರು ಸತ್ತೇ ಹೋದರು ಅಂದರು. ಬೈಂದೂರಿನ ಬಸ್ ನಿಲ್ದಾಣದಲ್ಲಿ ಈ ಉದ್ದ ಕೂದಲಿನ ಮುಖ ಯಾರಿಗೂ ಗುರುತಾಗಲಿಲ್ಲ, ಹಳೇ ಕ್ಯಾಸೆಟ್ ಅಂದರೆ ನಿಮ್ಮ ಅಂಗಡಿಯಲ್ಲಿ ಕೇಳಿ ಅಂದ್ರು.”

“ಬೈಂದೂರಿಂದ ಹ್ಯಾಂಗ್ ಬಂದ್ರಿ?”

“ಅಗೋ, ಆ ಬಸ್ಸಿನಲ್ಲಿ.”

“ಹಾಂಗಾರೆ ನಿಮ್ಮನ್ ಕರ್ಕಂಡ್ ಬಂದದ್ದೇ ಅವ್ನ್.”

ಬಸ್ಸು ಹೊರಡುತ್ತಿತ್ತು. ಯುವಕ ಚೀಲ ನನ್ನಲ್ಲೇ ಬಿಟ್ಟು ಓಡಿದ. ಮುಂದಿನದನ್ನು ಅವನೇ ಆಮೇಲೆ ಹೇಳಿದ್ದು. ಹತ್ತಿದವನೇ ಎಂಜಿನ್ ಪಕ್ಕ ನಿಂತು, “ಸಾರ್, ನೀವೇ ಅಲ್ವಾ?” ಎಂದನಂತೆ. ಗಿಟಾರಿನವ ರಸ್ತೆಯಿಂದ ಕಣ್ಣು ತೆಗೆಯದೆ ತಲೆಯ ಮೇಲಿದ್ದ ಬರಹ ತೋರಿಸಿದ: ‘ಚಾಲಕರೊಂದಿಗೆ ಮಾತನಾಡಬೇಡಿ.’ ಮೂರು ವರ್ಷ ಹುಡುಕಿದವನು ಬೈಂದೂರಿನವರೆಗೆ ಬಾಯಿ ಮುಚ್ಚಿ ನಿಂತ.

ಅಲ್ಲಿ ಜನವೆಲ್ಲ ಇಳಿದ ಮೇಲೆ, “ನಿಮ್ಮ ಆಲ್ಬಮ್ಮನ್ನು ಡಿಲಕ್ಸ್ ಆಗಿ ಮತ್ತೆ ತರಬೇಕು ಅಂತ ಇದ್ದೇವೆ” ಎಂದ. ಗಿಟಾರಿನವ ಸ್ವಲ್ಪ ಹೊತ್ತು ಸ್ಟೇರಿಂಗ್ ಒರೆಸಿದ. ಆಮೇಲೆ ಹೇಳಿದ: “ಡಿಲಕ್ಸ್ ಎಲ್ಲ ಬೇಡ ಮಾರಾಯ್ರೆ, ನಮ್ದ್ ಲೋಕಲ್.”

೪. ಗಾಳಿಗೆ ಕಟ್ಟಿದ ಹಾಡು

ಒಪ್ಪಲು ಅವನು ಎರಡು ವಾರ ತೆಗೆದುಕೊಂಡ. ಒಪ್ಪಿದ ಮೇಲೆ ಇನ್ನೊಂದು ತೊಂದರೆ. ಮೂಲ ಧ್ವನಿಮುದ್ರಣ ಇದ್ದ ಸ್ಟುಡಿಯೋ ಮುಚ್ಚಿ ಎಷ್ಟೋ ಕಾಲವಾಗಿತ್ತು, ಟೇಪ್ ಎಲ್ಲಿಗೆ ಹೋಯಿತೋ ಯಾರಿಗೂ ಗೊತ್ತಿಲ್ಲ. ಕಂಪನಿಯವನ ಕೈಯಲ್ಲಿ ಇದ್ದದ್ದು ಯಾರೋ ನಕಲು ಮಾಡಿದ ಪ್ರತಿ. ಸವೆಯದ ಒಂದು ಕ್ಯಾಸೆಟ್ ಸಿಕ್ಕಿದರೆ ಮಾತ್ರ ಹಾಡು ಉಳಿಯುತ್ತದೆ. ನನ್ನಲ್ಲೂ ಅವನ ಮನೆಯಲ್ಲೂ ಒಂದೂ ಉಳಿದಿರಲಿಲ್ಲ. ರಜೆಯ ದಿನ ನಾನೂ ಗಿಟಾರಿನವನೂ ಸ್ಕೂಟರಿನಲ್ಲಿ ಹೊರಟೆವು.

ಅಮಾಸೆಬೈಲಿನ ಒಬ್ಬ ಕೃಷಿಕರು ಅದನ್ನು ಕೊಂಡದ್ದು ನನಗೆ ನೆನಪಿತ್ತು. ಹೋಗಿ ಕೇಳಿದರೆ, “ಇತ್ತಲೆ, ಬನ್ನಿ” ಎಂದು ನೇರ ಗದ್ದೆಗೆ ಕರೆದುಕೊಂಡು ಹೋದರು. ತೆನೆ ಬಲಿತಿತ್ತು. ಗೂಟದಿಂದ ಗೂಟಕ್ಕೆ ಕ್ಯಾಸೆಟ್ಟಿನ ಕರಿ ರಿಬ್ಬನ್ ಎಳೆದು ಕಟ್ಟಿತ್ತು. ಗಾಳಿಗೆ ಅದು ಹೊಳೆಯುತ್ತ ಗುಂಯ್‌ಗುಡುತ್ತಿತ್ತು.

“ಟೇಪ್ ರೆಕಾರ್ಡರ್ ಹಾಳಾಯ್ತ್. ಹಾಡ್ ಹಾಳ್ ಮಾಡುಕಾಗ ಅಂದೇಳಿ ಇಲ್ಲಿ ಕಟ್ದೆ. ಬೇರೆ ಕ್ಯಾಸೆಟ್ಟೂ ಕಟ್ಟಿ ಕಂಡೆ, ಹಕ್ಕಿ ಹೆದ್ರುದಿಲ್ಲೆ. ಇದಕ್ ಮಾತ್ರ ಒಂದ್ ಗಿಳಿ ನಿಲ್ಲುದಿಲ್ಲೆ!”

ಗಿಟಾರಿನವ ಗದ್ದೆಯ ಅಂಚಿನಲ್ಲಿ ನಿಂತು ಬಹಳ ಹೊತ್ತು ಕೇಳಿದ. ತನ್ನ ಏಳು ಹಾಡು ಬಿಸಿಲಿಗೆ ಬಿದ್ದಿದ್ದನ್ನು ನೋಡಿ ಅಳುತ್ತಾನೋ ಎಂದು ನನಗೆ ಭಯ. ಅವನು ಗಂಭೀರವಾಗಿ ತಲೆಯಾಡಿಸಿ ಹೇಳಿದ: “ಹೌದ್. ಮುಂಬೈಯಗೂ ಹಾಂಗೇ ಆದ್ದ್. ಎರಡ್ನೇ ಹಾಡಿಗೆ ಎಲ್ಲರೂ ಎದ್ದ್ ಹೋದ್ರ್.”

ಕಡೆಗೆ ಸಿಕ್ಕಿದ್ದು ಬ್ರಹ್ಮಾವರದಲ್ಲಿ, ಅವನಿಗೆ ಬೈಂದೂರಿನ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಮಾಸ್ತರರ ಮನೆಯಲ್ಲಿ. ಪ್ಲಾಸ್ಟಿಕ್ ಹೊದಿಕೆ ಸಹ ಹರಿದಿರಲಿಲ್ಲ.

“ಒಂದ್ಸಲವೂ ಕೇಣ್ಲಿಲ್ಯಾ ಮಾಸ್ಟ್ರೇ?” ಎಂದೆ.

“ನಮ್ಮನೆಯಗೆ ಟೇಪ್ ರೆಕಾರ್ಡರ್ ಇಲ್ಲೆ.”

“ಮತ್ತ್ ತಕಂಡದ್ದ್ ಎಂತಕ್ಕೆ?”

ಮಾಸ್ತರರು ಶಿಷ್ಯನ ಕಡೆ ನೋಡಿದರು. “ಇವ್ನ್ ಒಂದ್ ದಿನವೂ ಮನೆಪಾಠ ಮುಗ್ಸಿದವ್ನಲ್ಲ. ಮೊದಲ್ನೇ ಸಲ ಎಂತದೋ ಒಂದ್ ಪೂರ್ತಿ ಮಾಡಿದ ಅಂದೇಳಿ ಖುಷಿಗೆ ತೆಗ್ದಿಟ್ಟೆ.”

ಗಿಟಾರಿನವ ಅವರ ಕಾಲು ಮುಟ್ಟಿದ. ಮಾಸ್ತರರು ಕ್ಯಾಸೆಟ್ ಕೊಡುವ ಮುಂಚೆ ಕನ್ನಡಕ ಏರಿಸಿ ಅದನ್ನು ತಿರುಗಿಸಿ ನೋಡಿ ಕೇಳಿದರು: “ಎರಡೂ ಬದಿ ಬರ್ದಿದ್ಯಾ, ಇಲ್ಲ ಒಂದೇ ಬದಿಯಾ?”

೫. ಕೆಮ್ಮು

ಏಳನೆಯ ಹಾಡಿನಲ್ಲಿ ಡ್ರಮ್ಮು ಇಲ್ಲ, ಗಿಟಾರ್ ಮತ್ತು ಅವನ ಸ್ವರ ಮಾತ್ರ. ಅದನ್ನು ಅವನು ಸ್ಟುಡಿಯೋದಲ್ಲಿ ಹಾಡಿದ್ದಲ್ಲ. ಊರಿಗೆ ಬಂದಾಗ ಮನೆಯ ಜಗಲಿಯಲ್ಲಿ ಕೂತು, ಸಣ್ಣ ಯಂತ್ರವೊಂದರಲ್ಲಿ ಮುದ್ರಿಸಿಕೊಂಡಿದ್ದ.

ಮುಂಬೈಯಿಂದ ಪರೀಕ್ಷೆಗೆಂದು ಹೊಸ ಸಿ.ಡಿ. ಬಂತು. ನಾನು ಪ್ಲೇಯರ್ ತೆಗೆದುಕೊಂಡು ಬೈಂದೂರಿನ ಅವರ ಮನೆಗೆ ಹೋದೆ. ಹಾಡುಗಳು ತೊಳೆದಿಟ್ಟ ಹಾಗೆ ಕೇಳುತ್ತಿದ್ದವು. ಏಳನೆಯದು ಮುಗಿದಾಗ ತಾಯಿ, “ಇನ್ನೊಂದ್ಸಲ ಹಾಕಿ” ಎಂದರು. ಹಾಕಿದೆ. ಮುಗಿಯಿತು. ಅವರು ಪ್ಲೇಯರನ್ನೇ ನೋಡುತ್ತ ಕೇಳಿದರು:

“ಇವ್ರ್ ಎಲ್ಲಿ?”

“ಯಾರ್?”

“ಮಧ್ಯದಗೆ ಕೆಮ್ಮಿದ್ರಲೆ.”

ಆಗ ನನಗೆ ಹೊಳೆಯಿತು. ಆ ಹಾಡು ಮುದ್ರಿಸಿದ ದಿನ ಜಗಲಿಯ ಆಚೆ ಮೂಲೆಯಲ್ಲಿ ಅವನ ತಂದೆ ಬಲೆ ಹೊಲಿಯುತ್ತ ಕೂತಿದ್ದರು. ಹಾಡಿನ ನಡುವೆ ಎರಡು ಸಲ ಕೆಮ್ಮಿದ್ದರು. ಹಳೆಯ ಕ್ಯಾಸೆಟ್ಟಿನಲ್ಲಿ ಅದು ಹಾಗೇ ಇತ್ತು. ಆ ಮನುಷ್ಯನ ಸ್ವರ ಅಂತ ಲೋಕದಲ್ಲಿ ಉಳಿದದ್ದು ಆ ಎರಡು ಕೆಮ್ಮು ಮಾತ್ರ. ತಂದೆ ಹೋದ ಮೇಲೆ ಮಗ ಆ ಹಾಡನ್ನು ಕೇಳಿರಲೇ ಇಲ್ಲ. ತಾಯಿ ಕೇಳುತ್ತಿದ್ದರು, ತಮ್ಮ ಪ್ರತಿ ತುಂಡಾಗುವ ತನಕ.

ಗಿಟಾರಿನವ ಅಂಗಳಕ್ಕೆ ಹೋಗಿ ಮುಂಬೈಗೆ ಫೋನ್ ಮಾಡಿದ. ಧ್ವನಿ ಶುದ್ಧ ಮಾಡಿದ ಎಂಜಿನಿಯರ್ ಹೆಮ್ಮೆಯಿಂದ, “ಸಾರ್, ಆ ಒಂದು ಗಲಾಟೆ ತೆಗೆಯುವುದಕ್ಕೆ ಎರಡು ದಿನ ಬೇಕಾಯ್ತು” ಎಂದನಂತೆ.

“ಅದು ಗಲಾಟೆ ಅಲ್ಲ, ನನ್ನ ಅಪ್ಪ” ಎಂದ ಇವನು.

 ಎಂಜಿನಿಯರ್ ತಗ್ಗಿದ ಸ್ವರದಲ್ಲಿ ಕೇಳಿದ: “ತಪ್ಪಾಯ್ತು ಸಾರ್. ವಾಪಸ್ ಹಾಕ್ತೇನೆ. ಅಪ್ಪ ಮುಂಚಿನಷ್ಟೇ ಸಾಕಾ, ಸ್ವಲ್ಪ ಜೋರು ಮಾಡಬೇಕಾ?”

ಬಿಡುಗಡೆ ಬೈಂದೂರಿನ ಒಂದು ಸಭಾಭವನದಲ್ಲಿ. ಸೀರೆಯ ಪೆಟ್ಟಿಗೆಯಷ್ಟು ದೊಡ್ಡ ಡಬ್ಬ, ಒಳಗೆ ಎರಡು ಸಿ.ಡಿ., ಹಳೆಯ ಗ್ರಾಮಫೋನಿನ ಒಂದು ದೊಡ್ಡ ಕಪ್ಪು ತಟ್ಟೆ, ಒಂದು ಪುಸ್ತಕ. ಮೊದಲ ಪ್ರತಿಯನ್ನು ತಾಯಿಯ ಕೈಗೆ ಕೊಟ್ಟರು. ಪುಸ್ತಕದಲ್ಲಿ ಕಲಾವಿದರ ಪಟ್ಟಿ ಇತ್ತು. ತಾಯಿಗೆ ಓದಲು ಬರುವುದಿಲ್ಲ, ನಾನು ಪಕ್ಕದಲ್ಲಿ ನಿಂತು ಓದಿದೆ: ಗಾಯನ ಮತ್ತು ಗಿಟಾರ್, ಮಗನ ಹೆಸರು. ಡ್ರಮ್, ಮುಂಬೈಯ ಒಬ್ಬರ ಹೆಸರು. ಕೊನೆಯ ಸಾಲು: ಕೆಮ್ಮು, ತಂದೆಯ ಹೆಸರು.

ಏಳನೆಯ ಹಾಡು ಹಾಕಿದರು.  ಸರಿಯಾದ ಜಾಗದಲ್ಲಿ ಕೆಮ್ಮು ಬಂತು, ಒಂದು, ಎರಡು. ಗಿಟಾರಿನವ ಮುಖ ಮುಚ್ಚಿಕೊಂಡ. ಕಂಪನಿಯ ಯುವಕ ಕಣ್ಣೊರೆಸಿಕೊಳ್ಳುತ್ತ ತಾಯಿಯ ಹತ್ತಿರ ಬಗ್ಗಿ, “ಅಮ್ಮ, ಈ ಹಾಡು ಲಂಡನ್ನಿಗೂ ಹೋಗ್ತದೆ, ಜಪಾನಿಗೂ ಹೋಗ್ತದೆ” ಎಂದ.

ತಾಯಿ ಡಬ್ಬವನ್ನು ಎದೆಗೆ ಒತ್ತಿಕೊಂಡರು. ಆಮೇಲೆ ನಿಟ್ಟುಸಿರು ಬಿಟ್ಟು ಹೇಳಿದರು:

“ಬೀಡಿ ಬಿಡಿ, ಬೀಡಿ ಬಿಡಿ ಅಂದೇಳಿ ಬಡ್ಕಂಡೆ. ಕೇಣ್ಲಿಲ್ಲೆ. ಕಾಣಿ, ಈಗ ಲೋಕ ಇಡೀ ಹೋಯಿ ಕೆಮ್ತ್ರ್.”