ಅಪ್ಪನ ಸ್ಕೂಟರಿನ ನಲವತ್ತು

ನೆನಪಿಗೆ ಒಂದು ಕೆಟ್ಟ ಚಾಳಿಯಿದೆ. ತಪ್ಪಾಗಿರುವಾಗಲೇ ಅದು ಹೆಚ್ಚು ಸ್ಪಷ್ಟವಾಗಿ ಮಾತಾಡುತ್ತದೆ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ತತ್ವಶಾಸ್ತ್ರ ಓದಿ ನಾನು ಕಲಿತದ್ದು ‘ಇದಕ್ಕೆ ಆಧಾರವೇನು?’ ಎಂಬ ಒಂದೇ ಪ್ರಶ್ನೆಯನ್ನು. ಬೇರೆಯವರನ್ನು ಕೇಳಿ ಕೇಳಿ ಸ್ನೇಹಿತರು ಕಡಿಮೆಯಾದ ಮೇಲೆ ಈಗ ನನ್ನನ್ನೇ ಕೇಳಿಕೊಳ್ಳುತ್ತೇನೆ. ಬೀಗ ಹಾಕಿ ಮೂರು ಹೆಜ್ಜೆ ನಡೆದವನು ಹಿಂದಿರುಗಿ ಅದನ್ನು ಜಗ್ಗಿ ನೋಡುತ್ತೇನೆ. ಬೀದಿಯ ತಿರುವಿಗೆ ಬರುವಷ್ಟರಲ್ಲಿ, ಜಗ್ಗಿದ್ದು ಇವತ್ತೋ ನಿನ್ನೆಯೋ ಎಂಬ ಸಂಶಯ.

ಇಂಥವನ ಪಾಲಿಗೆ ಅಪ್ಪನ ಸ್ಕೂಟರು ಬಂತು. ಪೆಟ್ರೋಲಿಗೇ ಆಯಿಲು ಬೆರೆಸಬೇಕಾದ ಹಳೆಯ ಕಾಲದ ಗಾಡಿ. ಅಪ್ಪ ತೀರಿಕೊಂಡ ಮೇಲೆ ಏಳೆಂಟು ವರ್ಷ ಅದು ಬಸವೇಶ್ವರನಗರದ ನಮ್ಮ ಮನೆಯ ಮೆಟ್ಟಿಲ ಕೆಳಗೆ, ಬಾಡಿಗೆಯವರ ಚಪ್ಪಲಿ ಸ್ಟ್ಯಾಂಡಿಗೆ ಒರಗಿಕೊಂಡು ನಿಂತಿತ್ತು. ಈ ವರ್ಷ ಅದನ್ನು ಓಡಿಸಲೇಬೇಕೆಂಬ ಹುಚ್ಚು ನನಗೆ ಹತ್ತಿತು. ಅಪ್ಪನ ಕಾಲದಿಂದಲೂ ಅದಕ್ಕೆ ವೈದ್ಯರಾಗಿದ್ದ ಮಾರೇನಹಳ್ಳಿಯ ಮೆಕ್ಯಾನಿಕ್ ಗಂಗಣ್ಣ ಎರಡು ವಾರ ಇಟ್ಟುಕೊಂಡು, ಸಿಲಿಂಡರ್ ಕೊರೆಸಿ, ಹೊಸ ಪಿಸ್ಟನ್ ಕೂರಿಸಿದರು.

“ನೋಡಿ ಸಾರ್, ಇದು ಕೊನೇ ಬೋರು,” ಎಂದರು. “ಇನ್ನೊಂದ್ಸಲ ಕೊರೆಯೋಕೆ ಒಳಗಡೆ ಏನೂ ಉಳಿದಿಲ್ಲ. ಆಯಿಲ್ ಇಲ್ದೆ ಒಣಗಿ ಪಿಸ್ಟನ್ ಹಿಡ್ಕೊಂಡ್ರೆ ಮುಗೀತು. ಪಾರ್ಟೂ ಸಿಗಲ್ಲ. ಆಮೇಲೆ ಮೇಲೆ ಕುಂಡ ಇಟ್ಟು ದಾಸವಾಳ ಬೆಳೆಸ್ಬೋದು, ಅಷ್ಟೇ.”

“ಯಾವ ಆಯಿಲ್ ತರಲಿ?”

“ನಿಮ್ ತಂದೆ ಹಾಕ್ತಿದ್ದಿದ್ದೇ ತನ್ನಿ. ಪಕ್ಕದಲ್ಲೇ ನಿಂತು ನೋಡಿರ್ತೀರಲ್ಲ.”

ನೋಡಿದ್ದೆ. ಭಾನುವಾರದ ಬೆಳಿಗ್ಗೆ, ರಾಜಾಜಿನಗರದ ಬಂಕು. ಅಪ್ಪನ ಎರಡು ತೋಳುಗಳ ನಡುವೆ, ಮುಂದೆ ನಿಂತವನು ನಾನು. ಹಿಂದೆ ಒಂದು ಬದಿಗೆ ಕಾಲು ಹಾಕಿ ಕೂತವಳು ಅಮ್ಮ. ಪೆಟ್ರೋಲು ತುಂಬಿಸಿ, ಅಳತೆ ಡಬ್ಬಿಯಿಂದ ಆಯಿಲು ಸುರಿಸಿ, ಮುಚ್ಚಳ ಬಿಗಿದು, ಅಪ್ಪ ಇಡೀ ಗಾಡಿಯನ್ನು ತೊಟ್ಟಿಲಿನಂತೆ ಎಡಕ್ಕೂ ಬಲಕ್ಕೂ ತೂಗುತ್ತಿದ್ದರು, ಎರಡೂ ಚೆನ್ನಾಗಿ ಬೆರೆಯಲೆಂದು. ಒಮ್ಮೊಮ್ಮೆ ಬಂಕಿನಲ್ಲಿ ಐದಾರು ಜನ ಅಪ್ಪಂದಿರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗಂಭೀರ ಮುಖದಲ್ಲಿ, ಸಾಲಾಗಿ ನಿಂತು ಸ್ಕೂಟರು ತೂಗುತ್ತಿದ್ದರು. ಒಂದೂ ಮಲಗುತ್ತಿರಲಿಲ್ಲ, ಒದ್ದ ಮೇಲೆ ಎಲ್ಲವೂ ಒಟ್ಟಿಗೆ ಅಳಲು ಶುರುಮಾಡುತ್ತಿದ್ದವು. ಆ ಹೊಗೆಯ ಸಿಹಿ ಕಮಟು ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ನನ್ನ ವಯಸ್ಸು ತಟ್ಟನೆ ಆರಕ್ಕೆ ಇಳಿಯುತ್ತದೆ. ಆ ಹೊಗೆಯ ನಡುವೆ ಕೇಳುತ್ತಿದ್ದ ಮಾತು ಒಂದೇ, ಅಪ್ಪನದು: “ನಲವತ್ತು.”

ಮಾಗಡಿ ರಸ್ತೆಯ ಆಯಿಲ್ ಅಂಗಡಿಗೆ ಹೋದೆ. ಗೋಡೆಯುದ್ದಕ್ಕೂ ಡಬ್ಬಿಗಳು, ಒಂದೊಂದರ ಮೇಲೂ ಬಿಪಿ ಚೀಟಿಯ ಹಾಗೆ ಎರಡೆರಡು ಅಂಕಿ. ಹತ್ತು–ಮೂವತ್ತು, ಹದಿನೈದು–ಐವತ್ತು. ಗಲ್ಲಾದಲ್ಲಿದ್ದ ಹೆಂಗಸು, “ಯಾವ್ ಗಾಡಿಗೆ ಸಾರ್?” ಎಂದರು.

“ಹಳೇದು. ನಲವತ್ತು ಅಂತ ಇರೋದು ಕೊಡಿ.”

“ಟ್ವೆಂಟಿ ಫಾರ್ಟಿನಾ? ತಗೊಳಿ. ಹಳೇ ಗಾಡಿಯೋರು ತುಂಬಾ ಜನ ಇದನ್ನೇ ಒಯ್ಯೋದು.”

ನನ್ನ ನೆನಪನ್ನು ಪ್ರಪಂಚ ಒಪ್ಪಿಕೊಳ್ಳುವುದು ಅಪರೂಪ. ಪದವಿ ಪ್ರದಾನದ ದಿನವೂ ನಾನು ಅಷ್ಟು ಬೀಗಿರಲಿಲ್ಲ. ಡಬ್ಬಿ ಹಿಡಿದು ಮನೆಗೆ ಬಂದಾಗ ಅಮ್ಮ ಜಗುಲಿಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು.

“ಏನೋ ಅದು?”

“ಅಪ್ಪ ಹಾಕ್ತಿದ್ದ ಆಯಿಲ್ ಅಮ್ಮ. ನಲವತ್ತು.”

“ನಲವತ್ತು ಏನು?”

“ನಂಬರು. ಬಂಕಲ್ಲಿ ಹೇಳ್ತಿರ್ಲಿಲ್ವಾ, ನಲವತ್ತು ನಲವತ್ತು ಅಂತ?”

ಅಮ್ಮ ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದಳು. “ಅವರೆಲ್ಲಿ ಹೇಳ್ತಿದ್ರು? ಹೇಳ್ತಿದ್ದೋಳು ನಾನು ಕಣೋ. ಬಂಕಿಂದ ಹೊರಡೋವಾಗ ಹಿಂದಿಂದ ಬೆನ್ನು ತಿವಿದು ಹೇಳ್ತಿದ್ದೆ, ನಲವತ್ತು ದಾಟ್ಬೇಡಿ, ಮುಂದೆ ಮಗು ನಿಂತಿದೆ ಅಂತ. ಗಾಡಿ ಹತ್ತಿದ್ರೆ ಅವರಿಗೆ ತಲೆ ನಿಲ್ತಿರ್ಲಿಲ್ಲ.”

ಇಷ್ಟು ವರ್ಷ ನಾನು ಅಮ್ಮನ ದನಿಯನ್ನು ಅಪ್ಪನ ಬಾಯಿಗೆ ಹಾಕಿಕೊಂಡು ಬದುಕಿದ್ದೆ. ನಿಧಾನಸ್ಥರೆಂದು ನಾನು ನಂಬಿದ್ದ ಅಪ್ಪ ಗಾಳಿಯಲ್ಲಿ ಹಾರುವ ಮನುಷ್ಯರಾಗಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ನಾನು ಬೀಳದಿರಲೆಂದು ಅಮ್ಮ ಆಡಿದ ಮಾತನ್ನು ಹಿಡಿದುಕೊಂಡು ಹೋಗಿ, ಅಂಗಡಿಯ ಡಬ್ಬಿಗಳ ಮೇಲೆ ಹುಡುಕಿದ್ದೆ.

ಡಬ್ಬಿ ನೋಡಿದ ಗಂಗಣ್ಣ ಅದನ್ನು ಮುಟ್ಟಲೂ ಇಲ್ಲ. “ಇದು ಈಗಿನ ಬೈಕಿಗೆ ಸಾರ್, ಇಂಜಿನ್ ತಳದಲ್ಲಿ ನಿಲ್ಲೋ ಆಯಿಲು. ನಿಮ್ದು ಟೂ ಸ್ಟ್ರೋಕು. ಪೆಟ್ರೋಲ್ ಜೊತೆ ಉರಿದು ಹೋಗೋ ಆಯಿಲ್ ಬೇಕು. ಟೂ-ಟಿ ಅಂತ ಕೇಳಿದ್ರೆ ಮಗೂನೂ ಕೊಡುತ್ತೆ.”

“ಮೊದಲೇ ಹೇಳಬಾರದಿತ್ತಾ?”

“ಎಮ್ಮೆ ಓದಿದೋರು, ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ.” ಎಂಎ ಎನ್ನುವುದನ್ನು ಅವರು ಹಾಗೆ ಉಚ್ಚರಿಸುತ್ತಾರೋ, ಬೇಕೆಂದೇ ಹಾಗೆ ಅಂದರೋ, ಇವತ್ತಿಗೂ ತಿಳಿದಿಲ್ಲ. ತಮ್ಮಲ್ಲಿದ್ದ ಟೂ-ಟಿ ಬಾಟಲಿಯಿಂದ ಒಂದಿಷ್ಟು ಸುರಿದು, ಗಾಡಿ ಓಡಿಸಿ ನೋಡಿ, ಮಿಕ್ಕಿದ್ದನ್ನು ನನ್ನ ಕೈಗಿತ್ತರು. “ಲೀಟರಿಗೆ ಮೂವತ್ತು ಎಂಎಲ್. ಬೇರೆ ಏನ್ ಮರೆತ್ರೂ ಇದನ್ನ ಮರೀಬೇಡಿ.”

ಮೊನ್ನೆ ಭಾನುವಾರ ಬಂಕಿನಲ್ಲಿ ಎರಡು ಲೀಟರ್ ಹಾಕಿಸಿ, ಬ್ಯಾಡರಹಳ್ಳಿಯ ಕಡೆ ಹೊರಟೆ. ಸುಮನಹಳ್ಳಿ ದಾಟಿದ್ದೇ ತಡ, ಬೀಗದ ಸಂಶಯ ಗಾಡಿಗೂ ಹತ್ತಿತು. ಆಯಿಲು ಹಾಕಿದೆನೇ? ಗಾಡಿ ತೂಗಿದ್ದು ಚೆನ್ನಾಗಿ ನೆನಪಿದೆ. ಆದರೆ ಆ ನೆನಪಿನಲ್ಲಿ ಹ್ಯಾಂಡಲ್ ಹಿಡಿದಿದ್ದ ಕೈ ನನ್ನದೋ ಅಪ್ಪನದೋ? ಬಾಟಲಿ ಅರ್ಧ ಖಾಲಿಯಿತ್ತು. ಅದು ಗಂಗಣ್ಣನ ಕೈಯಲ್ಲಿದ್ದಾಗಲೇ ಅರ್ಧ ಖಾಲಿಯಿತ್ತೇ? ಇನ್ನೂ ಸ್ವಲ್ಪ ಸುರಿಯೋಣವೆಂದರೆ, ಹೆಚ್ಚಾದರೆ ಪ್ಲಗ್ ಕಟ್ಟಿಕೊಂಡು ನಡುರಸ್ತೆಯಲ್ಲಿ ನಿಲ್ಲುತ್ತದೆ. ಸುರಿಯದಿದ್ದರೆ ಕೊನೆಯ ಬೋರು ಇಲ್ಲೇ ಹೋಗುತ್ತದೆ. ಆಯಿಲಿದ್ದರೆ ನೀಲಿ ಹೊಗೆ ಬರಬೇಕು. ತಿರುಗಿ ನೋಡಿದೆ. ಹೊಗೆಯೇನೋ ಇತ್ತು. ಮಾಗಡಿ ರಸ್ತೆಯಲ್ಲಿ ಯಾವ ಹೊಗೆ ಯಾರದೆಂದು ಹೇಳುವವರು ಯಾರು?

ಸಿಗ್ನಲ್ಲಿನಲ್ಲಿ ನಿಂತಾಗ ಹಿಂದೆಯೇ ಒಬ್ಬ ತರುಣ ಬೈಕ್ ನಿಲ್ಲಿಸಿದ್ದ, ಮೂಗಿಗೆ ಕರ್ಚೀಫು ಹಿಡಿದು.

“ನನ್ನ ಗಾಡಿಯಿಂದ ಹೊಗೆ ಬರ್ತಾ ಇದೆಯಾ?” ಎಂದು ಕೇಳಿದೆ.

“ಕಾಮಿಡಿ ಮಾಡ್ತಾ ಇದೀರಾ ಅಂಕಲ್? ಅಲ್ಲಿಂದ ನಿಮ್ ಹೊಗೆನೇ ಕುಡ್ಕೊಂಡು ಬರ್ತಾ ಇದೀನಿ.”

“ಬಿಳಿಯೋ, ನೀಲಿಯೋ?”

ಅವನು ಕರ್ಚೀಫು ತೆಗೆದ. “ನೀಲಿ. ಗಟ್ಟಿ ನೀಲಿ. ಎಣ್ಣೆ ಹಾಕಿ ಒಗ್ಗರಣೆ ಕೊಟ್ಟಂಗೆ ಬರ್ತಾ ಇದೆ. ಸಾಕಾ?”

ಅಷ್ಟು ಖಚಿತವಾದ ಉತ್ತರವನ್ನು ನನಗೆ ಬಹಳ ದಿನಗಳಿಂದ ಯಾರೂ ಕೊಟ್ಟಿರಲಿಲ್ಲ. ಮನಸಾರೆ ಥ್ಯಾಂಕ್ಸ್ ಹೇಳಿದೆ. ಅವನಿಗೆ ಇನ್ನಷ್ಟು ಸಿಟ್ಟು ಬಂತು. ಹಸಿರು ದೀಪ ಬಿದ್ದಾಗ ಹಾರ್ನ್ ಒತ್ತಿ ಮುಂದೆ ಹೋಗಲು ನೋಡಿದ. ನಾನು ಜಾಗ ಬಿಡಲಿಲ್ಲ. ಬ್ಯಾಡರಹಳ್ಳಿಯವರೆಗೂ ಎಡಕ್ಕೂ ಬಲಕ್ಕೂ ಸರಿಯುತ್ತಾ ಅವನನ್ನು ಹಿಂದೆಯೇ ಇಟ್ಟುಕೊಂಡು ಹೋದೆ. ಸಿಕ್ಕಿದ್ದ ಒಬ್ಬನೇ ಒಬ್ಬ ಸಾಕ್ಷಿ. ಅವನ ಬೈಗುಳ ಕೇಳಿಸುತ್ತಿರುವವರೆಗೆ ನನ್ನ ಪಿಸ್ಟನ್ನಿಗೆ ಏನೂ ಆಗದು ಎಂದು ಧೈರ್ಯ.